ಅಮಲಿನ ಲೆಕ್ಕ ಬರೆಯೋಣ

(ಕಲಿಕಾ ಕೇಂದ್ರಗಳ ಕೂಟದಲ್ಲಿ ಆಡಿದ ಮಾತು)



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ನಾಲ್ಕೂ ತಾಲ್ಲೂಕಿನಿಂದ ಬಂದಿದ್ದೀರಿ. ಹಗಲೆಲ್ಲ ದುಡಿದು ಬಂದಿದ್ದೀರಿ. ಕೆಲವರು ಟೊಮೆಟೊ ಕಿತ್ತು ಬಂದಿದ್ದೀರಿ. ಕೆಲವರು ಇಟ್ಟಿಗೆ ಗೂಡಿನಿಂದ ಬಂದಿದ್ದೀರಿ. ಕೆಲವರು ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಓಡಿ ಬಂದಿದ್ದೀರಿ. ಮಾವಿನ ತೋಪು ಕಾಯೋರೂ ಇದ್ದೀರಿ.

ಇವತ್ತು ನಾವು ಮಾತಾಡೋ ವಿಷಯ ಎಲ್ಲರಿಗೂ ಗೊತ್ತಿರೋದೇ. ಆದರೆ ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಮನೆಯಲ್ಲಿ ಕುಡಿದು ಬಿದ್ದಿದ್ದರೆ, "ಮೈಗೆ ಹುಷಾರಿಲ್ಲ" ಅಂತೀವಿ. ಮಗ ಗಾಂಜಾ ಸೇದ್ತಾನೆ ಅಂತ ಗೊತ್ತಾದರೆ, ಬಾಗಿಲು ಹಾಕಿಕೊಂಡು ಅಳ್ತೀವಿ. ಮಾನ ಹೋಗುತ್ತೆ ಅನ್ನೋ ಭಯ. ಈ ಮುಚ್ಚುಮರೆಯೇ ಅಮಲಿಗೆ ಗೊಬ್ಬರ. ಮುಚ್ಚಿಟ್ಟಷ್ಟೂ ಅದು ಬೆಳೆಯುತ್ತದೆ.

ನೀವು ಈಗ ಅಕ್ಷರ ಕಲಿತಿದ್ದೀರಿ. ಕೂಡೋದು, ಕಳೆಯೋದು ಕಲಿತಿದ್ದೀರಿ. ಹಾಗಾದರೆ ಬನ್ನಿ, ಅಮಲಿನ ಲೆಕ್ಕ ಬರೆಯೋಣ.

ಅಮಲು ಪದಾರ್ಥ ಯಾವುದು?

ಮನಸ್ಸನ್ನು ಮಂಕು ಮಾಡಿ, ಮತ್ತೆ ಮತ್ತೆ ಬೇಕು ಅನ್ನಿಸುವ ಪದಾರ್ಥವನ್ನು ಮಾದಕ ವಸ್ತು ಅಂತಾರೆ. ಸಾರಾಯಿ, ಬ್ರಾಂದಿ, ವಿಸ್ಕಿ ಇದರಲ್ಲಿ ಸೇರಿವೆ. ಬಂಗಿ ಸೊಪ್ಪು, ಅಂದರೆ ಗಾಂಜಾ, ಸೇರಿದೆ. ಅಫೀಮು, ಹೆರಾಯಿನ್ ಸೇರಿವೆ.

ಇನ್ನು ಕೆಲವು ನಮ್ಮ ಕಣ್ಣಿಗೆ ಬೀಳೋದಿಲ್ಲ. ನೋವಿನ ಮಾತ್ರೆ, ನಿದ್ದೆ ಮಾತ್ರೆ, ಕೆಮ್ಮಿನ ಔಷಧಿ. ಇವುಗಳಲ್ಲಿ ಕೆಲವನ್ನು ಡಾಕ್ಟರ ಚೀಟಿ ಇಲ್ಲದೆ ಕೊಂಡು, ಅಮಲಿಗಾಗಿ ನುಂಗುವ ಹುಡುಗರಿದ್ದಾರೆ. ಪಂಚರ್ ಹಾಕುವ ಅಂಟನ್ನು ಬಟ್ಟೆಗೆ ಹಚ್ಚಿ ಮೂಸುವ ಸಣ್ಣ ಮಕ್ಕಳೂ ಇದ್ದಾರೆ. ಅದೂ ಅಮಲೇ.

ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ತಲೆ ತಿರುಗಿಸೋದಿಲ್ಲ. ಆದರೆ ಕೈ ಬಿಡೋದೂ ಇಲ್ಲ. ತಂಬಾಕಿನಿಂದ ಪ್ರಪಂಚದಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. ತಂಬಾಕು ಸೇರಿದ ಗುಟ್ಕಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲಿ ನಿಷೇಧ ಮಾಡಿದರು. ಆಮೇಲೆ ಅಂಗಡಿಗಳಲ್ಲಿ ಎರಡು ಪೊಟ್ಟಣ ಬಂದವು. ಒಂದರಲ್ಲಿ ಪಾನ್ ಮಸಾಲ, ಇನ್ನೊಂದರಲ್ಲಿ ತಂಬಾಕು. ಬಾಯಲ್ಲಿ ಎರಡೂ ಸೇರಿದರೆ ಗುಟ್ಕಾ ತಾನೇ? ಪೊಟ್ಟಣದ ಮೇಲೆ ಬರೆದಿರೋ ಎಚ್ಚರಿಕೆಯನ್ನು ಈಗ ನೀವೇ ಓದಬಲ್ಲಿರಿ. ಓದಿ, ಮಕ್ಕಳಿಗೂ ಓದಿ ಹೇಳಿ.

ದೇಶದಲ್ಲಿ ಎಷ್ಟು ಜನ ಅಮಲು ಸೇವಿಸ್ತಾರೆ? ಕೇಂದ್ರ ಸರ್ಕಾರ ಒಂದು ದೊಡ್ಡ ಸಮೀಕ್ಷೆ ಮಾಡಿಸಿ, ಅದರ ವರದಿಯನ್ನು 2019ರಲ್ಲಿ ಹೊರತಂದಿತು. ಅದರ ಪ್ರಕಾರ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ. ಅವರಲ್ಲಿ 5 ಕೋಟಿ 70 ಲಕ್ಷ ಜನರಿಗೆ ಕುಡಿತ ತೊಂದರೆಯಾಗಿ ಬೆಳೆದಿದೆ. ಅವರಿಗೆ ಬೇರೆಯವರ ನೆರವು ಬೇಕು. ಗಾಂಜಾ, ಭಂಗಿ ಬಳಸೋರು ಸುಮಾರು 3 ಕೋಟಿ. ಅಂದರೆ, ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಅಮಲು ಕುಡಿತವೇ.

ಚಟ ಹತ್ತುವುದು ಹೇಗೆ?

ಯಾರೂ ಕುಡುಕನಾಗಬೇಕು ಅಂತ ಮೊದಲ ಲೋಟ ಎತ್ತೋದಿಲ್ಲ. ಸ್ನೇಹಿತರು ಕರೀತಾರೆ. ಜಾತ್ರೆ, ಮದುವೆ, ಚುನಾವಣೆ ಬರುತ್ತೆ. "ಒಂದು ಸಲ ತಗೊಳ್ಳೋ, ಏನಾಗಲ್ಲ" ಅಂತಾರೆ. ಮಂಡಿಯಲ್ಲಿ ಮೂಟೆ ಹೊತ್ತವನು, ಗೂಡಿನಲ್ಲಿ ಇಟ್ಟಿಗೆ ಹೊತ್ತವನು, "ಮೈ ಕೈ ನೋವು, ಕುಡಿದರೆ ನಿದ್ದೆ ಬರುತ್ತೆ" ಅಂತಾನೆ.

ನೋವು ನಿಜ. ಅದನ್ನು ನಾವು ಸುಳ್ಳು ಅನ್ನೋದಿಲ್ಲ. ಆದರೆ ಕುಡಿತ ನೋವನ್ನು ಕಳೆಯೋದಿಲ್ಲ, ಸ್ವಲ್ಪ ಹೊತ್ತು ಮರೆಸುತ್ತದೆ. ಕುಡಿದವನಿಗೆ ಬೇಗ ನಿದ್ದೆ ಬರಬಹುದು. ಆದರೆ ಗಾಢ ನಿದ್ದೆ ಬರೋದಿಲ್ಲ. ನಡುರಾತ್ರಿ ಎಚ್ಚರವಾಗುತ್ತದೆ. ಬೆಳಿಗ್ಗೆ ಮೈ ಇನ್ನೂ ಭಾರ. ಆ ಭಾರಕ್ಕೆ ಮತ್ತೆ ಕುಡಿಯೋದು.

ಮೊದಮೊದಲು ಸ್ವಲ್ಪಕ್ಕೇ ಅಮಲೇರುತ್ತದೆ. ಬರಬರುತ್ತಾ ಅಷ್ಟು ಸಾಲೋದಿಲ್ಲ. ಮೈ ಅದಕ್ಕೆ ಒಗ್ಗಿಹೋಗುತ್ತದೆ. ಅಷ್ಟೇ ಅಮಲಿಗೆ ಎರಡರಷ್ಟು ಬೇಕು. ಒಂದು ದಿನ ಸಿಗದಿದ್ದರೆ ಕೈ ನಡುಗುತ್ತದೆ, ಬೆವರು ಬರುತ್ತದೆ, ಸಿಟ್ಟು ನೆತ್ತಿಗೇರುತ್ತದೆ. ಆಗ ಅವನು ಖುಷಿಗಾಗಿ ಕುಡಿಯೋದಿಲ್ಲ. ನಡುಕ ನಿಲ್ಲಿಸೋಕೆ ಕುಡಿಯುತ್ತಾನೆ. ಇದಕ್ಕೇ ಚಟ ಅನ್ನೋದು. ಚಟ ಮೆದುಳಿಗೆ ಹತ್ತಿದ ಕಾಯಿಲೆ. ಇದನ್ನು ನೆನಪಿಡಿ, ಮುಂದೆ ಇದರ ಕೆಲಸ ಇದೆ.

ಮೈಗೆ ಏನಾಗುತ್ತದೆ?

ಕುಡಿತ ಮೊದಲು ಲಿವರ್ ಅನ್ನು ಕೆಡಿಸುತ್ತದೆ. ಹೊಟ್ಟೆಯ ಬಲಗಡೆ ಇರುವ ಅಂಗ ಅದು. ಅದು ಕೆಟ್ಟರೆ ಕಾಮಾಲೆ ಆಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ. ರಕ್ತ ವಾಂತಿಯಾಗುತ್ತದೆ. ಬಾಯಿ, ಗಂಟಲು, ಲಿವರ್ ಕ್ಯಾನ್ಸರ್ ಬರಬಹುದು. ಕುಡಿಯುವವರಿಗೆ ಕ್ಷಯ ಬೇಗ ಅಂಟುತ್ತದೆ. ಬಸುರಿ ಕುಡಿದರೆ ಹೊಟ್ಟೆಯಲ್ಲಿರೋ ಕೂಸಿಗೆ ಪೆಟ್ಟು.

ಗಾಂಜಾ ಸೇದುವ ಹುಡುಗರ ನೆನಪಿನ ಶಕ್ತಿ ಕುಂದುತ್ತದೆ. ಓದು, ಕೆಲಸ ಯಾವುದೂ ಬೇಡವಾಗುತ್ತದೆ. ಕೆಲವರಿಗೆ ಬುದ್ಧಿಭ್ರಮಣೆ ಆಗುತ್ತದೆ. ಯಾರೋ ಅಟ್ಟಿಸಿಕೊಂಡು ಬರ್ತಿದ್ದಾರೆ, ಕಿವಿಯಲ್ಲಿ ಯಾರೋ ಮಾತಾಡ್ತಿದ್ದಾರೆ ಅಂತಾರೆ. ಮನೆಯವರು ದೆವ್ವ ಹಿಡಿದಿದೆ ಅಂತ ಮಂತ್ರ ಹಾಕಿಸೋಕೆ ಹೋಗ್ತಾರೆ. ಹೋಗಬೇಕಾದ್ದು ಆಸ್ಪತ್ರೆಗೆ.

ಅಂಟು ಮೂಸುವ ಮಗುವಿನ ಹೃದಯ ಇದ್ದಕ್ಕಿದ್ದ ಹಾಗೆ ನಿಂತುಹೋಗಬಹುದು. ಹೆರಾಯಿನ್ ಹೆಚ್ಚಾದರೆ ಉಸಿರು ನಿಲ್ಲುತ್ತದೆ. ಒಂದೇ ಸೂಜಿಯಿಂದ ನಾಲ್ಕು ಜನ ಚುಚ್ಚಿಕೊಂಡರೆ ಎಚ್‌ಐವಿ ಹರಡುತ್ತದೆ.

ಲೋಟದಲ್ಲಿ ವಿಷ

ಇನ್ನೊಂದು ಅಪಾಯ ಇದೆ. ಅದು ನಮ್ಮ ಜಿಲ್ಲೆಗೇ ಬಂದು ಹೋದದ್ದು.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧ ಆಯಿತು. ಪ್ಯಾಕೆಟ್ ಸಾರಾಯಿ ನಿಂತಿತು. ಬಹಳ ಮನೆಗಳಲ್ಲಿ ಹೆಂಗಸರು ನಿಟ್ಟುಸಿರು ಬಿಟ್ಟರು. ಆದರೆ ಚಟ ನಿಂತಿರಲಿಲ್ಲ. ಕಳ್ಳ ಸಾರಾಯಿ ಮಾಡೋರು ಇದನ್ನೇ ಕಾದಿದ್ದರು. ಒಂದು ವರ್ಷವೂ ಕಳೆದಿರಲಿಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಮುತ್ತ, ನಮ್ಮ ಕೋಲಾರ ಜಿಲ್ಲೆಯಲ್ಲಿ, ಪಕ್ಕದ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ ಕಳ್ಳ ಸಾರಾಯಿ ಕುಡಿದು ಜನ ಸಾಲಾಗಿ ಸತ್ತರು. ಸತ್ತವರು 150ಕ್ಕೂ ಹೆಚ್ಚು. ಬಹುತೇಕ ಕೂಲಿ ಜನ. ಅದಕ್ಕೂ ಮೊದಲು, 1981ರಲ್ಲಿ ಬೆಂಗಳೂರಿನಲ್ಲಿ ಇದೇ ರೀತಿ 300ಕ್ಕೂ ಹೆಚ್ಚು ಜನ ಸತ್ತಿದ್ದರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು.

ಆ ಸಾರಾಯಿಯಲ್ಲಿ ಏನಿತ್ತು? ಮೆಥನಾಲ್ ಇತ್ತು. ಅದು ಕಾರ್ಖಾನೆಗಳಲ್ಲಿ ಬಳಸೋ ದ್ರವ. ಕುಡಿಯೋದಕ್ಕಲ್ಲ. ನೋಡೋಕೆ ನೀರಿನಂತೆ ಇರುತ್ತದೆ. ಕುಡಿದಾಗ ಬರೀ ಅಮಲು ಅನ್ನಿಸುತ್ತದೆ. ಮೈಯೊಳಗೆ ಹೋದ ಮೇಲೆ ಅದು ಆಮ್ಲವಾಗಿ ಬದಲಾಗುತ್ತದೆ. ಆ ಆಮ್ಲ ಕಣ್ಣಿನ ನರವನ್ನು ಸುಡುತ್ತದೆ. ಇದಕ್ಕೆ ಕೆಲವು ಗಂಟೆ ಹಿಡಿಯುತ್ತದೆ. ಅದಕ್ಕೇ ರಾತ್ರಿ ಕುಡಿದವರು ಬೆಳಗಾದ ಮೇಲೆ "ಕಣ್ಣು ಮಂಜಾಗ್ತಿದೆ" ಅಂತಾರೆ. ಹೊಟ್ಟೆನೋವು, ವಾಂತಿ ಶುರುವಾಗುತ್ತದೆ. ಉಸಿರು ಜೋರಾಗುತ್ತದೆ.

ಇಂಥ ಗುರುತು ಕಂಡರೆ ಮಜ್ಜಿಗೆ ಕುಡಿಸಿ, ನಿಂಬೆಹಣ್ಣು ಹಿಂಡಿ ಕಾಯಬೇಡಿ. ಒಂದು ನಿಮಿಷವೂ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. "ಕುಡಿದಿದ್ದು ಕಳ್ಳ ಸಾರಾಯಿ" ಅಂತ ಡಾಕ್ಟರಿಗೆ ನಿಜ ಹೇಳಿ. ಈ ವಿಷಕ್ಕೆ ಔಷಧಿ ಇದೆ. ಬೇಗ ಹೋದರೆ ಜೀವ ಉಳಿಯುತ್ತದೆ, ಕಣ್ಣೂ ಉಳಿಯಬಹುದು. ಅದೇ ಸಾರಾಯಿ ಕುಡಿದ ಬೇರೆಯವರನ್ನೂ ಕರೆದುಕೊಂಡು ಹೋಗಿ. ಅವರು "ನನಗೇನೂ ಆಗಿಲ್ಲ" ಅಂದರೂ ಬಿಡಬೇಡಿ. ಇಲ್ಲಿ ಮಾನ ನೋಡಿದರೆ ಪ್ರಾಣ ಹೋಗುತ್ತದೆ.

ಮನೆಯ ಲೆಕ್ಕ

ಈಗ ಸ್ಲೇಟು ತೆಗೆಯಿರಿ. ಲೆಕ್ಕ ಬರೆಯೋಣ.

ಒಬ್ಬರು ದಿನಕ್ಕೆ 150 ರೂಪಾಯಿ ಕುಡಿತಕ್ಕೆ ಹಾಕ್ತಾರೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಎಷ್ಟು? 4,500. ವರ್ಷಕ್ಕೆ? 12 ತಿಂಗಳಿಗೆ 54,000. ಇದರ ಜೊತೆಗೆ ಬೀಡಿ, ಗುಟ್ಕಾ ದಿನಕ್ಕೆ 50 ರೂಪಾಯಿ. ಅದು ತಿಂಗಳಿಗೆ 1,500. ವರ್ಷಕ್ಕೆ 18,000. ಎರಡೂ ಕೂಡಿಸಿ. 72,000 ರೂಪಾಯಿ.

2023ರಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ. ಎರಡು ತಿಂಗಳ ಹಣ ಸೇರಿಸಿದರೂ ಈ ಲೆಕ್ಕದ ಒಂದು ತಿಂಗಳ ಕುಡಿತಕ್ಕೆ ಸಾಲೋದಿಲ್ಲ.

72,000ದಲ್ಲಿ ಏನೇನು ಬರುತ್ತೆ? ಒಂದು ಒಳ್ಳೆ ಸೀಮೆಹಸು ಬರುತ್ತೆ. ನಮ್ಮ ಸೀಮೆಯಲ್ಲಿ ಮಳೆ ಕೈ ಕೊಟ್ಟ ವರ್ಷ ಮನೆ ನಡೆಸಿದ್ದು ಯಾವುದು? ಹಾಲು. ಟೊಮೆಟೊ ಬೆಲೆ ಬಿದ್ದು ರಸ್ತೆಗೆ ಸುರಿದಾಗ ಅಡುಗೆ ಮನೆಯಲ್ಲಿ ಒಲೆ ಉರಿಸಿದ್ದು ಯಾವುದು? ಅದೂ ಹಾಲೇ. ಅಂದರೆ ವರ್ಷಕ್ಕೊಂದು ಹಸು ಬಾಟಲಿಯೊಳಗೆ ಹೋಗಿ ಮುಳುಗುತ್ತಿದೆ.

ಇದು ಬರೀ ಕೊಂಡು ಕುಡಿದ ಲೆಕ್ಕ. ಕೆಲಸಕ್ಕೆ ಹೋಗದ ದಿನಗಳ ಕೂಲಿ ಇದರಲ್ಲಿಲ್ಲ. ಆಸ್ಪತ್ರೆ ಖರ್ಚು ಇಲ್ಲ. ಸಂಘದಲ್ಲಿ ತಂದ ಸಾಲದ ಬಡ್ಡಿ ಇಲ್ಲ. ಅಡವಿಟ್ಟ ಓಲೆ ಇಲ್ಲ.

ಲೆಕ್ಕಕ್ಕೆ ಸಿಗದ್ದು ಇನ್ನೂ ಇದೆ. ಸಾಯಂಕಾಲ ಅಪ್ಪನ ಚಪ್ಪಲಿ ಸದ್ದು ಕೇಳಿದರೆ ಮಗು ಮೂಲೆ ಸೇರುತ್ತೆ. ಅದಕ್ಕೆ ಎಷ್ಟು ರೂಪಾಯಿ ಬರೆಯೋಣ? ಅಮ್ಮನಿಗೆ ಬಿದ್ದ ಏಟಿಗೆ ಎಷ್ಟು? ಓದುವ ಹುಡುಗಿ ಶಾಲೆ ಬಿಟ್ಟು ಕೂಲಿಗೆ ಹೋದಳು. ಅದಕ್ಕೆ ಎಷ್ಟು?

ಊರಿನ ಲೆಕ್ಕ

"ನನ್ನ ದುಡ್ಡು, ನಾನು ಕುಡೀತೀನಿ, ನಿಮಗೇನು?" ಅಂತ ಕೇಳೋರಿದ್ದಾರೆ. ನಮಗೇನು ಅಂತ ಹೇಳೋಣ.

ಮುಳಬಾಗಿಲು, ಕೋಲಾರದ ಮೇಲೆ ಹೆದ್ದಾರಿ ಹೋಗುತ್ತದೆ. ಹಗಲು ರಾತ್ರಿ ಲಾರಿ, ಬಸ್ಸು, ಬೈಕು. ಕುಡಿದು ಗಾಡಿ ಓಡಿಸಿದವನು ತಾನೊಬ್ಬನೇ ಸಾಯೋದಿಲ್ಲ. ರಸ್ತೆ ಬದಿ ನಡೆಯೋ ನಮ್ಮ ಮಕ್ಕಳ ಮೇಲೂ ಹರಿಸುತ್ತಾನೆ. ಚಟಕ್ಕೆ ಹಣ ಸಾಲದಾದಾಗ ಪಂಪ್‌ಸೆಟ್ಟಿನ ಕೇಬಲ್ಲು ಮಾಯವಾಗುತ್ತದೆ. ಮನೆಯ ಪಾತ್ರೆ ಮಾಯವಾಗುತ್ತದೆ. ಜಾತ್ರೆಯಲ್ಲಿ ಸಣ್ಣ ಮಾತಿಗೆ ಕೊಡಲಿ ಏಳುತ್ತದೆ. ಕೋರ್ಟು ಕಚೇರಿ ಅಲೆದು ಎರಡು ಮನೆ ಹಾಳಾಗುತ್ತವೆ.

ಗಾಂಜಾ ಮಾರೋನು ಮೊದಲು ಹುಡುಗನಿಗೆ ಪುಕ್ಕಟೆ ಕೊಡ್ತಾನೆ. ಆಮೇಲೆ ಸಾಲ ಕೊಡ್ತಾನೆ. ಸಾಲ ತೀರಿಸೋಕೆ ಆಗದಿದ್ದಾಗ, "ನೀನೇ ನಾಲ್ಕು ಜನಕ್ಕೆ ಮಾರು" ಅಂತಾನೆ. ಹೀಗೆ ಸೇದುವವನೇ ಮಾರುವವನಾಗುತ್ತಾನೆ. ನಮ್ಮದು ಮೂರು ರಾಜ್ಯ ಸೇರುವ ಗಡಿ ಜಿಲ್ಲೆ. ಈ ಕಡೆ ಆಂಧ್ರ, ಆ ಕಡೆ ತಮಿಳುನಾಡು. ಸಾಗಿಸುವವರಿಗೆ ದಾರಿ ಸುಲಭ. ಅದಕ್ಕೇ ನಾವು ಇನ್ನಷ್ಟು ಕಣ್ಣಿಟ್ಟಿರಬೇಕು.

ಸರ್ಕಾರದ ಲೆಕ್ಕವನ್ನೂ ನೋಡಿ. 2023-24ರಲ್ಲಿ ಮದ್ಯದಿಂದ ನಮ್ಮ ರಾಜ್ಯಕ್ಕೆ ಬಂದ ಆದಾಯ 30,000 ಕೋಟಿ ರೂಪಾಯಿಗೂ ಹೆಚ್ಚು. ಆ ಹಣ ಎಲ್ಲಿಂದ ಬಂತು? ಅದರಲ್ಲಿ ಬಡವರ ಕೂಲಿಯೂ ಇದೆ. ನಮ್ಮ ಸಂವಿಧಾನದ 47ನೇ ವಿಧಿ ಏನು ಹೇಳುತ್ತದೆ? ಮೈಗೆ ಕೆಡುಕು ಮಾಡುವ ಮದ್ಯ, ಮಾದಕ ವಸ್ತುಗಳನ್ನು ನಿಷೇಧ ಮಾಡಲು ಸರ್ಕಾರ ಪ್ರಯತ್ನಿಸಬೇಕು ಅನ್ನುತ್ತದೆ. ಇದನ್ನು ನೆನಪಿಸುವ ಹಕ್ಕು ನಮಗಿದೆ.

ಕಾನೂನು ಏನು ಹೇಳುತ್ತದೆ?

ಗಾಂಜಾ, ಅಫೀಮು, ಹೆರಾಯಿನ್ ವಿಷಯಕ್ಕೆ 1985ರ ಕಾಯಿದೆ ಇದೆ. ಗಾಂಜಾ ಗಿಡ ಬೆಳೆದರೆ 10 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. "ಟೊಮೆಟೊ ಸಾಲಿನ ಮಧ್ಯೆ ನಾಲ್ಕು ಗಿಡ ಹಾಕ್ಕೊಳ್ಳಿ, ಒಳ್ಳೆ ದುಡ್ಡು" ಅಂತ ಯಾರಾದರೂ ಬಂದರೆ ನಂಬಬೇಡಿ. ಜೈಲಿಗೆ ಹೋಗೋದು ಜಮೀನಿನವರು. ನಿಮ್ಮ ಜಮೀನಿನಲ್ಲಿ ಬೇರೆಯವರು ಬೆಳೆದಿದ್ದು ಗೊತ್ತಾದರೆ ಕೂಡಲೇ ಪೊಲೀಸರಿಗೆ ತಿಳಿಸಬೇಕು. ಅದೂ ಕಾನೂನು. 20 ಕೆಜಿಗಿಂತ ಹೆಚ್ಚು ಗಾಂಜಾ ಸಿಕ್ಕರೆ ಕಡಿಮೆ ಅಂದರೂ 10 ವರ್ಷ ಜೈಲು. ಗೊತ್ತಿಲ್ಲದವರ ಮೂಟೆಯನ್ನು ಬಸ್ಸಿನಲ್ಲಿ ಸಾಗಿಸಿಕೊಡೋಕೆ ಒಪ್ಪಬೇಡಿ.

ಮಕ್ಕಳಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯಿದೆಯಲ್ಲಿ 7 ವರ್ಷದವರೆಗೆ ಜೈಲು ಇದೆ. ಅಂಗಡಿಗೆ ಮಗುವನ್ನು ಕಳಿಸಿ ಬೀಡಿ ತರಿಸೋದು ಕೂಡ ತಪ್ಪು ದಾರಿ ತೋರಿಸಿದ ಹಾಗೆ. ಲೈಸೆನ್ಸ್ ಇಲ್ಲದೆ ಪೆಟ್ಟಿಗೆ ಅಂಗಡಿಯಲ್ಲಿ, ಮನೆಯಲ್ಲಿ ಮದ್ಯ ಮಾರೋದು ಅಪರಾಧ. ಕುಡಿದು ಬಂದು ಹೊಡೆದರೆ ಹೆಂಡತಿಗೆ 2005ರ ಕಾಯಿದೆಯ ರಕ್ಷಣೆ ಇದೆ.

ಚಟ ಹತ್ತಿದವನು ತಾನಾಗಿ ಚಿಕಿತ್ಸೆಗೆ ಬಂದರೆ ಕಾನೂನೂ ಕರುಣೆ ತೋರುತ್ತದೆ. ಸ್ವಲ್ಪ ಪ್ರಮಾಣ ಇಟ್ಟುಕೊಂಡ ಅಥವಾ ಸೇವಿಸಿದ ಪ್ರಕರಣದಲ್ಲಿ, ಅವನು ಚಿಕಿತ್ಸೆ ಪೂರ್ತಿ ಪಡೆದರೆ, ಶಿಕ್ಷೆಯಿಂದ ಪಾರಾಗುವ ದಾರಿ 1985ರ ಕಾಯಿದೆಯಲ್ಲೇ ಇದೆ.

ಅಕ್ಷರ ಕಲಿತವರು ಮಾಡಿದ್ದು

ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ಅದನ್ನು ಎಬ್ಬಿಸುವವರು ಬೇಕು. ನಂಗಲಿ ದಾಟಿದರೆ ಆಂಧ್ರ. ನಮ್ಮಲ್ಲಿ ಬಹಳ ಜನ ಮನೆಯಲ್ಲಿ ತೆಲುಗು ಆಡ್ತೀವಿ. ಆ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ದೂಬಗುಂಟ ಅಂತ ಒಂದು ಹಳ್ಳಿ. 1991ರಲ್ಲಿ ಆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ಶುರುವಾಯಿತು. ಕೂಲಿ ಮಾಡುವ ಹೆಂಗಸರು ರಾತ್ರಿ ಲಾಟೀನು ಬೆಳಕಿನಲ್ಲಿ ಅಕ್ಷರ ಕಲಿತರು, ನಿಮ್ಮ ಹಾಗೇ. ಅವರ ಪುಸ್ತಕದಲ್ಲಿ ಸೀತಮ್ಮ ಎಂಬ ಹೆಣ್ಣಿನ ಕಥೆ ಇತ್ತು. ಗಂಡನ ಸಾರಾಯಿ ಚಟದಿಂದ ಬೆಂದವಳ ಕಥೆ. ಓದಿದ ಹೆಂಗಸರು, "ಇದು ನಮ್ಮದೇ ಕಥೆ" ಅಂದರು.

1992ರಲ್ಲಿ ದೂಬಗುಂಟದ ಹೆಂಗಸರು ಒಟ್ಟಾದರು. ರೋಸಮ್ಮ ಎಂಬಾಕೆ ಮುಂದೆ ನಿಂತರು. ಊರಿಗೆ ಸಾರಾಯಿ ಬರೋದನ್ನು ತಡೆದರು. ಅಂಗಡಿ ಮುಚ್ಚಿಸಿದರು. ಈ ಸುದ್ದಿ ಪಾಠವಾಗಿ ಬೇರೆ ಊರುಗಳ ಕಲಿಕಾ ಕೇಂದ್ರಕ್ಕೂ ಹೋಯಿತು. ಊರೂರಿನ ಹೆಂಗಸರು ಎದ್ದರು. ಸಾರಾಯಿ ಹರಾಜು ನಡೆಯದಂತೆ ಮಾಡಿದರು. ಕೊನೆಗೆ 1993ರ ಅಕ್ಟೋಬರ್ 1ರಿಂದ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು. 1995ರಲ್ಲಿ ಪೂರ್ತಿ ಪಾನನಿಷೇಧ ಬಂತು. 1997ರಲ್ಲಿ ಸರ್ಕಾರ ಅದನ್ನು ಸಡಿಲಿಸಿತು. ಗೆದ್ದದ್ದನ್ನು ಕಾಯದಿದ್ದರೆ ಕೈ ಜಾರುತ್ತದೆ. ಇದೂ ಪಾಠವೇ.

ನಮ್ಮ ರಾಜ್ಯದ ಹೆಂಗಸರೂ ಸುಮ್ಮನೆ ಕೂತಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಂಗಸರು ಮದ್ಯ ನಿಷೇಧ ಮಾಡಿ ಅಂತ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಕೂಲಿ ಬಿಟ್ಟು, ರಸ್ತೆ ಬದಿ ಮಲಗಿ, ಕಾಲಿಗೆ ಬೊಬ್ಬೆ ಬಂದರೂ ನಡೆದರು.

ಚಟ ಬಿಡಿಸಬಹುದು

ಹಿಂದೆ ನಾವು ಹೇಳಿದ್ದೇನು? ಚಟ ಒಂದು ಕಾಯಿಲೆ. ಕಾಯಿಲೆ ಅಂದ ಮೇಲೆ ಮದ್ದು ಇದೆ. ಆದರೆ ಮದ್ದಿಗೆ ಹೋಗೋರು ಕಡಿಮೆ. ಆ 2019ರ ವರದಿಯಲ್ಲಿ ಒಂದು ಅಂಕಿ ಇದೆ. ಕುಡಿತದ ಚಟ ಹತ್ತಿದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನ ಎಲ್ಲಿ? ನಮ್ಮ ನಿಮ್ಮ ಮನೆಯಲ್ಲೇ ಇದ್ದಾರೆ. ಮುಚ್ಚಿಟ್ಟಿದ್ದೇವೆ.

ಬಹಳ ವರ್ಷ ಕುಡಿದವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ಬಿಡಿಸಬೇಡಿ. ಅವರಿಗೆ ಫಿಟ್ಸ್ ಬರಬಹುದು. ಇಲ್ಲದ ಹಾವು, ಚೇಳು ಕಾಣಬಹುದು. ಪ್ರಾಣವೇ ಹೋಗಬಹುದು. ಡಾಕ್ಟರು ಮಾತ್ರೆ ಕೊಟ್ಟು, ನಡುಕ ಇಳಿಸಿ ಬಿಡಿಸುತ್ತಾರೆ. ಗೊತ್ತಿಲ್ಲದ ಹಾಗೆ ಊಟದಲ್ಲಿ ಪುಡಿ ಬೆರೆಸಿ ಕೊಡೋ ಔಷಧಿಗಳನ್ನೂ ನಂಬಬೇಡಿ. ಅದರಿಂದ ಜೀವಕ್ಕೆ ಅಪಾಯ.

ಎಲ್ಲಿಗೆ ಹೋಗೋದು? ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಕಾಯಿಲೆಯ ಡಾಕ್ಟರು ಯಾವ ದಿನ ಬರ್ತಾರೆ ಅಂತ ತಿಳಿದುಕೊಳ್ಳಿ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವುದಕ್ಕೇ ಬೇರೆ ವಿಭಾಗ ಇದೆ. ಫೋನಿನಲ್ಲೂ ಕೇಳಬಹುದು. ಚಟ ಬಿಡಿಸುವ ಸಹಾಯಕ್ಕೆ 14446. ಮನಸ್ಸಿನ ತೊಂದರೆಗೆ 14416. ಮಕ್ಕಳ ಸಹಾಯಕ್ಕೆ 1098. ಹೆಂಗಸರ ಸಹಾಯಕ್ಕೆ 181. ಮಾದಕ ವಸ್ತು ಮಾರೋರ ಸುದ್ದಿ ತಿಳಿಸಲು 1933. ಈ ಅಂಕಿಗಳನ್ನು ಗೋಡೆ ಮೇಲೆ ಬರೆದಿಡಿ.

ಬಿಟ್ಟವರು ಮತ್ತೆ ಒಂದು ದಿನ ಕುಡಿದು ಬರಬಹುದು. "ಇವನು ಉದ್ಧಾರ ಆಗಲ್ಲ" ಅಂತ ಕೈ ಬಿಡಬೇಡಿ. ಜ್ವರ ಮರುಕಳಿಸಿದರೆ ಮತ್ತೆ ಡಾಕ್ಟರ ಹತ್ತಿರ ಹೋಗ್ತೀವಿ ತಾನೇ? ಇದೂ ಹಾಗೇ. ಬಿಟ್ಟವರಿಗೆ ಕೆಲಸ ಕೊಡಿ. ಮದುವೆ ಮನೆಯಲ್ಲಿ ಗೌರವದಿಂದ ಕರೆಯಿರಿ. ಹಳೇದನ್ನು ಎತ್ತಿ ಆಡಬೇಡಿ.

ನಾವೇನು ಮಾಡೋಣ?

ಒಂದು, ಮನೆಯಲ್ಲಿ ಒಂದು ಪುಸ್ತಕ ಇಡೋಣ. ಅಮಲಿಗೆ ಹೋದ ಹಣವನ್ನು ದಿನವೂ ಬರೆಯೋಣ. ತಿಂಗಳ ಕೊನೆಗೆ ಎಲ್ಲರೂ ಕೂತು ಓದೋಣ. ಬೈಗುಳ ಬೇಡ. ಅಂಕಿಯೇ ಮಾತಾಡುತ್ತದೆ.

ಎರಡು, ಮಕ್ಕಳ ಜೊತೆ ಮಾತಾಡೋಣ. ಮಗನ ಸ್ನೇಹಿತರು ಯಾರು, ಶಾಲೆ ಬಿಟ್ಟ ಮೇಲೆ ಎಲ್ಲಿಗೆ ಹೋಗ್ತಾನೆ, ತಿಳಿದಿರೋಣ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಮೂರು, ಸ್ತ್ರೀಶಕ್ತಿ ಸಂಘದಲ್ಲಿ, ಯುವಕ ಸಂಘದಲ್ಲಿ ಈ ಮಾತು ಎತ್ತೋಣ. ಊರಲ್ಲಿ ಕಳ್ಳತನದಲ್ಲಿ ಮದ್ಯ ಮಾರ್ತಿದ್ದರೆ ಗ್ರಾಮಸಭೆಯಲ್ಲಿ ಅರ್ಜಿ ಕೊಡೋಣ. ಅರ್ಜಿ ಬರೆಯೋಕೆ ಈಗ ಬರುತ್ತಲ್ಲ! ಒಬ್ಬರು ಕೊಟ್ಟರೆ ಹೆದರಿಸಬಹುದು. ನೂರು ಜನ ಹೆಬ್ಬೆಟ್ಟಿನ ಬದಲು ಸಹಿ ಹಾಕಿ ಕೊಟ್ಟರೆ ಯಾರನ್ನು ಹೆದರಿಸ್ತಾರೆ?

ನಾಲ್ಕು, ಚಟ ಹತ್ತಿದವರನ್ನು ಹಂಗಿಸದೆ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ.

ಅಮಲು ಬಾಯಿ ಮುಚ್ಚಿಸುತ್ತದೆ. ಅಕ್ಷರ ಬಾಯಿ ತೆರೆಸುತ್ತದೆ. ಇಷ್ಟು ಹೇಳಿ ನಮ್ಮ ಮಾತು ಮುಗಿಸ್ತೀವಿ. ಈಗ ನಿಮ್ಮ ಸರದಿ. ನೀವು ಮಾತಾಡಿ, ನಾವು ಕೇಳ್ತೀವಿ.

ಓದಿದ ಮೇಲೆ ಮಾತಾಡಿಕೊಳ್ಳಿ

1. ದಿನಕ್ಕೆ 80 ರೂಪಾಯಿ ಕುಡಿತಕ್ಕೆ ಹೋದರೆ ತಿಂಗಳಿಗೆ ಎಷ್ಟು? ವರ್ಷಕ್ಕೆ ಎಷ್ಟು?
2. ಕಳ್ಳ ಸಾರಾಯಿ ಕುಡಿದವರಿಗೆ ಕಣ್ಣು ಮಂಜಾದರೆ ಏನು ಮಾಡಬೇಕು?
3. ದೂಬಗುಂಟದ ಹೆಂಗಸರು ಒಬ್ಬೊಬ್ಬರೇ ಹೋಗಿದ್ದರೆ ಏನಾಗುತ್ತಿತ್ತು?
4. ನಿಮ್ಮ ಊರಿನ ಗ್ರಾಮಸಭೆಗೆ ಈ ವಿಷಯದ ಮೇಲೆ ಐದು ಸಾಲಿನ ಅರ್ಜಿ ಬರೆಯಿರಿ.